ಒಂದು ಮಳೆಗಾಲ ಕಳೆದ ಲೈಟ್‌ಸೇಬರ್ ಹಿಡಿಕೆ

ಮೇ ತಿಂಗಳ ಕೊನೆಯಲ್ಲಿ ತರಿಸಿಕೊಂಡ ಲೈಟ್‌ಸೇಬರ್ (‘ಸ್ಟಾರ್ ವಾರ್ಸ್’ ಚಿತ್ರಗಳ ಬೆಳಕಿನ ಅಲಗಿನ ಕತ್ತಿ) ಹಿಡಿಕೆಯೊಂದನ್ನು ಶಿವಮೊಗ್ಗದ ಮನೆಯಲ್ಲಿಯೂ ತೀರ್ಥಹಳ್ಳಿ ಕಡೆಯ ನಮ್ಮ ತೋಟದ ಮನೆಯ ಅಡಿಕೆ ಅಂಗಳದಲ್ಲಿಯೂ ಒಂದು ಪೂರ್ತಿ ಮಳೆಗಾಲ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಪೆಟ್ಟಿಗೆ ಬಿಚ್ಚಿದ ವಾರವೇ ಬರೆದಿದ್ದರೆ ಬರೀ ಹೊಗಳಿಕೆಯಾಗುತ್ತಿತ್ತು.

1977ರ ‘ಸ್ಟಾರ್ ವಾರ್ಸ್’ ಚಿತ್ರದಲ್ಲಿ ನಾಯಕ ಲ್ಯೂಕ್ ಸ್ಕೈವಾಕರ್ ಹಿಡಿಯುವ ಕತ್ತಿಯ ಹಿಡಿಕೆ ಹುಟ್ಟಿನಿಂದ ಆಯುಧವೇ ಅಲ್ಲ. ಅಮೆರಿಕದ ಗ್ರಾಫ್ಲೆಕ್ಸ್ ಕಂಪನಿ ಪತ್ರಿಕಾ ಛಾಯಾಗ್ರಾಹಕರ ಕ್ಯಾಮೆರಾಗಳಿಗೆಂದು ತಯಾರಿಸುತ್ತಿದ್ದ, ಮೂರು ಬ್ಯಾಟರಿ ಹಿಡಿಯುವ ಫ್ಲ್ಯಾಶ್ ದೀಪದ ಹಿಡಿಕೆಯ ಕೊಳವೆ ಅದು. ಚಿತ್ರದ ಕಲಾ ವಿಭಾಗದಲ್ಲಿದ್ದ ರೋಜರ್ ಕ್ರಿಶ್ಚಿಯನ್ ಲಂಡನ್ನಿನ ಕ್ಯಾಮೆರಾ ಅಂಗಡಿಯೊಂದರಲ್ಲಿ ಅದನ್ನು ಕಂಡು, ಕಪ್ಪು ಪಟ್ಟಿಗಳನ್ನು ಅಂಟಿಸಿ, ಕ್ಯಾಲ್ಕುಲೇಟರಿನ ಗುಳ್ಳೆಗುಳ್ಳೆಯಾದ ಪಾರದರ್ಶಕ ಪಟ್ಟಿಯೊಂದನ್ನು ಕೊಳವೆಯನ್ನು ಬಿಗಿಯುವ ಕ್ಲಾಂಪಿಗೆ ಸಿಕ್ಕಿಸಿ ಕತ್ತಿಯ ಹಿಡಿಯಾಗಿಸಿದರು. ನಾನು ಕೊಂಡದ್ದು ಅದರ ಪ್ರತಿಕೃತಿ. ಉದ್ದ 28 ಸೆಂ.ಮೀ., ಬ್ಯಾಟರಿ ಸೇರಿ ತೂಕ 460 ಗ್ರಾಂ, ಸುಂಕ ಮತ್ತು ಸಾಗಣೆ ಎಲ್ಲ ಸೇರಿ ಬಿದ್ದ ಖರ್ಚು 17,500 ರೂಪಾಯಿ.

ಸಂಗ್ರಾಹಕನ ಕಣ್ಣಿಗೆ ಇದು ಬಹುಮಟ್ಟಿಗೆ ಗೆದ್ದಿದೆ. ಕೆಂಪು ಗುಂಡಿ, ಗಾಜಿನ ಕಣ್ಣು, ಕ್ಲಾಂಪಿನ ಸನ್ನೆ (ಲಿವರ್), ತುದಿಯ ಬಳೆ ಎಲ್ಲವೂ ತಮ್ಮ ತಮ್ಮ ಜಾಗದಲ್ಲಿವೆ. ಮೂಲದ ಕೊಳವೆ ಲೇಪ ಹಾಕಿದ ಹಿತ್ತಾಳೆಯದು, ಇದು ಹೊಳಪು ಕೊಟ್ಟ ಅಲ್ಯೂಮಿನಿಯಂ. ಆದ್ದರಿಂದ ಕಿಟಕಿಯ ಬೆಳಕಿನಲ್ಲಿ ಬಣ್ಣ ತುಸು ಬಿಳಿಚಿಕೊಂಡು ಕಾಣುತ್ತದೆ. ಸಾಗರದ ಗುಡಿಗಾರರೊಬ್ಬರಿಂದ ಮಾಡಿಸಿದ ಮರದ ಪೀಠದ ಮೇಲೆ ಇಟ್ಟ ಮೇಲೆ ಆ ಕೊರತೆಯನ್ನು ನಾನು ಮರೆತೆ ಎಂಬುದನ್ನೂ ಹೇಳಬೇಕು.

ಕಾದಾಟಕ್ಕೆ ಇಳಿದಾಗ ಮಾತು ಬೇರೆಯಾಯಿತು. ಫ್ರಾನ್ಸಿನ ಕತ್ತಿವರಸೆ ಒಕ್ಕೂಟ 2019ರಲ್ಲಿ ಲೈಟ್‌ಸೇಬರ್ ಕಾದಾಟಕ್ಕೆ ಅಧಿಕೃತ ಮಾನ್ಯತೆ ನೀಡಿತು. ಅಲ್ಲಿನ ನಿಯಮದಂತೆ ಹೊಡೆಯುವ ಮೊದಲು ಕತ್ತಿಯ ತುದಿಯನ್ನು ಹಿಂದಕ್ಕೆ ಒಯ್ಯಬೇಕು, ಆದ್ದರಿಂದ ನೇರ ತಿವಿತಕ್ಕೆ ಅವಕಾಶವಿಲ್ಲ, ಏಟುಗಳೆಲ್ಲ ಅಗಲವಾಗಿ ಬೀಸಿದವೇ ಆಗಿರುತ್ತವೆ. ನನ್ನ ಎದುರಾಳಿಯಾದ ಸೋದರಳಿಯ ಯಕ್ಷಗಾನದಲ್ಲಿ ವೇಷ ಕಟ್ಟುವವನು, ಬೀಸಿಗೆ ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವನ ಮೂರನೆಯ ಏಟನ್ನು ತಡೆಯುವಷ್ಟರಲ್ಲಿ ಕ್ಲಾಂಪಿನ ಸನ್ನೆ ನನ್ನ ಹೆಬ್ಬೆರಳಿನ ಬುಡಕ್ಕೆ ಒತ್ತಿ ಕೆಂಪಗಾಗಿತ್ತು. ಇದಕ್ಕಿಂತ ಕಿರಿಕಿರಿಯಾದದ್ದು ಕೆಂಪು ಗುಂಡಿ: ಹಿಡಿತ ಬದಲಿಸಿದಾಗಲೆಲ್ಲ ಅದು ಅಂಗೈಗೆ ಸಿಕ್ಕಿ, ನಡು ಕಾಳಗದಲ್ಲಿ ಕತ್ತಿ ಆರಿಹೋಗುತ್ತಿತ್ತು.

ಹಿಡಿಕೆಗೆ ಸಿಕ್ಕಿಸುವ ಅಲಗಿನ ವಿಷಯದಲ್ಲಿ ನಾನೇ ತಪ್ಪು ಆಯ್ಕೆ ಮಾಡಿದೆ. ಚೆಂದಕ್ಕೆ ಮರುಳಾಗಿ, ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಕೊಳವೆಯ ಉದ್ದಕ್ಕೂ ಪುಟ್ಟ ಎಲ್‌ಇಡಿಗಳ ಪಟ್ಟಿಯಿರುವ ಪಿಕ್ಸೆಲ್ ಅಲಗನ್ನು ತೆಗೆದುಕೊಂಡೆ. ಬೆಳಕು ಬುಡದಿಂದ ತುದಿಗೆ ಏರುವ ಸೊಬಗು ಅದರಲ್ಲಿ ಮಾತ್ರ ಸಾಧ್ಯ. ಆದರೆ ಆ ಪಟ್ಟಿಯಲ್ಲಿ ಆದೇಶ ಒಂದು ದೀಪದಿಂದ ಇನ್ನೊಂದಕ್ಕೆ ಸರಪಳಿಯಂತೆ ಸಾಗುವುದರಿಂದ, ಏಟಿಗೆ ಒಂದು ಬೆಸುಗೆ ಬಿಟ್ಟರೂ ಅದರ ಮುಂದಿನದೆಲ್ಲ ಕತ್ತಲೆ. ನನ್ನದು ಆಗಸ್ಟಿನಲ್ಲಿ ಅರ್ಧಕ್ಕೇ ನಿಂತಿತು. ಹಿಡಿಕೆಯೊಳಗೇ ದೀಪವಿರುವ ಮಾದರಿಯಲ್ಲಿ ಅಲಗು ಬರೀ ಟೊಳ್ಳು ಕೊಳವೆ, ಒಡೆದರೆ ಕೊಳವೆಯಷ್ಟೇ ಹೋಗುತ್ತದೆ. ಹೊಡೆದಾಡುವವರಿಗೆ ಅದೇ ಸರಿ.

ಹಿಡಿಕೆಯಿಂದ ಹೊರಡುವ ಧ್ವನಿ ಚೆನ್ನಾಗಿದೆ. ಚಿತ್ರದ ಧ್ವನಿ ವಿನ್ಯಾಸಕ ಬೆನ್ ಬರ್ಟ್ ಪ್ರೊಜೆಕ್ಟರ್ ಮೋಟಾರಿನ ಗುಂಯ್‌ಗುಡುವಿಕೆಯನ್ನೂ ಟಿ.ವಿ. ಕೊಳವೆಯ ಝೇಂಕಾರವನ್ನೂ ಬೆರೆಸಿ ಕಟ್ಟಿದ ಆ ನಾದ, ಹೆಂಚಿನ ಮೇಲೆ ಸುರಿಯುವ ಮಳೆಯ ಸದ್ದಿನ ನಡುವೆಯೂ ಕೇಳಿಸಿತು.

ಇನ್ನು ನಮ್ಮ ಹವೆ. ಅಲ್ಯೂಮಿನಿಯಂ ತುಕ್ಕು ಹಿಡಿಯುವುದಿಲ್ಲವೆಂದು ಮಾರಿದವರು ಬರೆದದ್ದು ನಿಜವೇ, ಆದರೆ ಅಲಗನ್ನು ಬಿಗಿಹಿಡಿಯುವ ತಿರುಪು ಉಕ್ಕಿನದು ಎಂಬುದನ್ನು ಅವರು ಬರೆದಿರಲಿಲ್ಲ. ಎರಡು ಬೇರೆ ಲೋಹಗಳು ತೇವದಲ್ಲಿ ಒಂದನ್ನೊಂದು ಮುಟ್ಟಿಕೊಂಡಿದ್ದರೆ ಸವೆತ ಬೇಗ ಶುರುವಾಗುತ್ತದೆ; ಜುಲೈ ಮುಗಿಯುವುದರೊಳಗೆ ತಿರುಪಿನ ಸುತ್ತ ಬಿಳಿ ಪುಡಿ ಕಟ್ಟಿ, ಅದು ತಿರುಗಲೊಲ್ಲದಾಯಿತು. ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು ಒಂದು ರಾತ್ರಿ ಇಟ್ಟ ಮೇಲೆ ಬಿಚ್ಚಿ, ಸ್ಟೇನ್‌ಲೆಸ್ ತಿರುಪು ಹಾಕಿ, ಎಳೆಗಳಿಗೆ ತೆಳುವಾಗಿ ಗ್ರೀಸ್ ಸವರಿದೆ. ಮಾರಾಟಗಾರರಿಗೆ ಬರೆದ ಎರಡು ಪತ್ರಗಳಿಗೆ ಉತ್ತರ ಬರಲಿಲ್ಲ.

ಬ್ಯಾಟರಿ ಜೊತೆಗೆ ಬರುವುದಿಲ್ಲ. ಬೇಕಾದದ್ದು 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ 18650 ಲಿಥಿಯಂ ಸೆಲ್. ಗಾಂಧಿ ಬಜಾರಿನಲ್ಲಿ ನಾನು ಮೊದಲು ಕೊಂಡದ್ದಕ್ಕೆ ಒಳಗೆ ರಕ್ಷಣಾ ಸರ್ಕ್ಯೂಟ್ ಇದ್ದುದರಿಂದ ಅದು ಕೆಲವು ಮಿ.ಮೀ. ಉದ್ದವಾಗಿ, ಮುಚ್ಚಳ ಕೂರಲೇ ಇಲ್ಲ. ಅಳತೆ ಪಟ್ಟಿ ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗುವುದು ಒಳ್ಳೆಯದು.

ಕಪಾಟಿಗೆಂದೇ ಕೊಳ್ಳುವವರು ಈ ಬೆಲೆಗೆ ಮರುಗಬೇಕಾಗಿಲ್ಲ. ಕಾದಾಟಕ್ಕೆ ನಾನು ಈಗ ಸನ್ನೆ, ಬಳೆ ಯಾವುದೂ ಇಲ್ಲದ, ಗುಂಡಿ ಒಳಗೆ ಹುದುಗಿರುವ ಬೋಳು ಕೊಳವೆಯೊಂದನ್ನು ಇದರ ಮೂರನೇ ಒಂದು ಭಾಗದ ಬೆಲೆಗೆ ಕೊಂಡಿದ್ದೇನೆ. ಗ್ರಾಫ್ಲೆಕ್ಸ್ ಪ್ರತಿಕೃತಿಯೋ, ಸೆಲ್ ತೆಗೆಸಿಕೊಂಡು, ಪಕ್ಕದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣವಿಟ್ಟುಕೊಂಡು ಪೀಠದ ಮೇಲೆ ಕುಳಿತಿದೆ. ಸೋದರಳಿಯ ಬಂದಾಗಲೆಲ್ಲ ಅವನ ಕೈ ಮೊದಲು ಹೋಗುವುದು ಮಾತ್ರ ಇನ್ನೂ ಅದರ ಕಡೆಗೇ.