ಗ್ರ್ಯಾಂಡ್ ಕೇಮನ್‌ನಲ್ಲಿ ಒಂದು ಹಗಲು: ಸ್ಟಿಂಗ್‌ರೇ ದಿಬ್ಬವೋ, ಆಮೆ ಕೇಂದ್ರವೋ?

ಫ್ಲಾರಿಡಾದಿಂದ ಪಶ್ಚಿಮ ಕೆರಿಬಿಯನ್‌ಗೆ ಹೊರಡುವ ಕ್ರೂಸ್‌ಗಳು, ಅಂದರೆ ವಿಹಾರ ಹಡಗುಗಳು, ಗ್ರ್ಯಾಂಡ್ ಕೇಮನ್ ದ್ವೀಪದಲ್ಲಿ ನಿಲ್ಲುವುದು ಸಾಮಾನ್ಯವಾಗಿ ಏಳೆಂಟು ಗಂಟೆ. ಅಷ್ಟರಲ್ಲಿ ಪ್ರಾಣಿಗಳನ್ನೂ ನೋಡಬೇಕು, ಸೆವೆನ್ ಮೈಲ್ ಬೀಚ್‌ನಲ್ಲಿ ಈಜಲೂ ಬೇಕು ಎನ್ನುವವರಿಗೆ ಇರುವುದು ಮುಖ್ಯವಾಗಿ ಎರಡು ದಾರಿ: ನಾರ್ತ್ ಸೌಂಡ್ ಕೊಲ್ಲಿಯಲ್ಲಿ ಸ್ಟಿಂಗ್‌ರೇ ಎಂಬ ಚಪ್ಪಟೆ ಮೀನುಗಳು ಸೇರುವ ಸ್ಟಿಂಗ್‌ರೇ ಸಿಟಿ ಮರಳುದಿಬ್ಬ, ಇಲ್ಲವೇ ವೆಸ್ಟ್ ಬೇಯಲ್ಲಿರುವ ಕೇಮನ್ ಟರ್ಟಲ್ ಸೆಂಟರ್. ಎರಡನ್ನೂ ಬೀಚ್ ಜೊತೆ ಸೇರಿಸಿ ನೋಡಿದ ಮೇಲೆ ನಮ್ಮ ಓಟು ದಿಬ್ಬಕ್ಕೇ. ಆದರೆ ಉತ್ತರದ ಗಾಳಿ ಬೀಸುವ ದಿನವಾದರೆ, ಇಲ್ಲವೇ ನೀರಿಗೆ ಹೆದರುವ ಪುಟ್ಟ ಮಕ್ಕಳು ಜೊತೆಗಿದ್ದರೆ, ಆಮೆ ಕೇಂದ್ರವೇ ಸರಿ.

ಮೊದಲು ಸಮಯದ ಲೆಕ್ಕ. ಇಲ್ಲಿ ಹಡಗು ದಡ ಮುಟ್ಟುವುದಿಲ್ಲ. ರಾಜಧಾನಿ ಜಾರ್ಜ್ ಟೌನ್ ಎದುರು ಲಂಗರು ಹಾಕಿ, ಟೆಂಡರ್ ದೋಣಿಗಳಲ್ಲಿ ಜನರನ್ನು ಇಳಿಸುತ್ತದೆ. ಕ್ರೂಸ್ ಹಡಗುಗಳಿಗೆ ಕಟ್ಟೆ ಕಟ್ಟುವ ವಿಚಾರಕ್ಕೆ 2025ರ ಏಪ್ರಿಲ್‌ನ ಜನಮತಗಣನೆಯಲ್ಲಿ ಅಲ್ಲಿನವರು ಬೇಡ ಎಂದೇ ಹೇಳಿದ್ದಾರೆ. ಹಾಗಾಗಿ ಬೆಳಿಗ್ಗೆ ಇಳಿಯುವುದಕ್ಕೇ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಮೀಸಲಿಟ್ಟು ಲೆಕ್ಕ ಹಾಕಿ. ಹಡಗಿನ ಟೂರ್ ತೆಗೆದುಕೊಂಡವರನ್ನು ಮೊದಲು ಇಳಿಸುತ್ತಾರೆ, ಆ ಟೂರ್ ತಡವಾದರೆ ಹಡಗು ಕಾಯುತ್ತದೆ. ಹೊರಗೆ ಬುಕ್ ಮಾಡಿದವರಿಗೆ ಈ ಎರಡೂ ಇಲ್ಲ. ಅವರು ಹಡಗು ಲಂಗರು ಹಾಕುವ ಹೊತ್ತಿಗೆ ಕನಿಷ್ಠ ಒಂದೂವರೆ ಗಂಟೆ ಸೇರಿಸಿ ದೋಣಿ ಗೊತ್ತುಮಾಡುವುದು ಒಳ್ಳೆಯದು.

ಇನ್ನೊಂದು ಅಪಾಯ ಜೇಬಿನಲ್ಲೇ ಇರುತ್ತದೆ. ಅಮೆರಿಕದ ಹಾಗೆ ಬೇಸಿಗೆಯೆಂದು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವ ಪದ್ಧತಿ ಕೇಮನ್‌ನಲ್ಲಿ ಇಲ್ಲ. ಮಾರ್ಚ್‌ನಿಂದ ನವೆಂಬರ್‌ವರೆಗೆ ಹಡಗು ಮಯಾಮಿಯ ಸಮಯವನ್ನೇ ಇಟ್ಟುಕೊಂಡಿದ್ದರೆ, ದ್ವೀಪದ ನೆಟ್‌ವರ್ಕ್ ಹಿಡಿದ ಫೋನ್ ಒಂದು ಗಂಟೆ ಹಿಂದೆ ತೋರಿಸುತ್ತದೆ. ಫೋನಿನಲ್ಲಿ ಎರಡೂವರೆ, ಹಡಗಿನಲ್ಲಿ ಮೂರೂವರೆ: ಕೊನೆಯ ಟೆಂಡರ್ ತಪ್ಪಿಸಿಕೊಳ್ಳಲು ಇಷ್ಟು ಸಾಕು. ಸಾದಾ ಕೈಗಡಿಯಾರಕ್ಕೆ ಹಡಗಿನ ಸಮಯ ಹೊಂದಿಸಿಕೊಂಡು ಇಳಿಯಿರಿ.

ಈಗ ದಿಬ್ಬ. ಹವಳದ ದಂಡೆಯ ಒಳಗಿನ ಶಾಂತ ನೀರಿನಲ್ಲಿ ಮೀನುಗಾರರು ಮೀನು ಹೆಚ್ಚಿ ತ್ಯಾಜ್ಯ ಎಸೆಯುತ್ತಿದ್ದರು. ಅದಕ್ಕೆ ಬರತೊಡಗಿದ ಸ್ಟಿಂಗ್‌ರೇಗಳು, ನಮ್ಮ ಕರಾವಳಿಯವರು ತೊರಕೆ ಎನ್ನುವ ಜಾತಿ, ಅಲ್ಲೇ ಬೀಡುಬಿಟ್ಟವು. ಯಾವ ಬೇಲಿಯೂ ಇಲ್ಲ, ಬರುವುದು ಬಿಡುವುದು ಅವುಗಳ ಇಷ್ಟ. ನಾವು ಇದನ್ನು ಮೇಲೆ ಇಡುವುದೂ ಅದಕ್ಕೇ. ನೀರು ಸೊಂಟದಿಂದ ಎದೆಮಟ್ಟ. ಚಿಕ್ಕ ಮಕ್ಕಳಿಗೆ ಲೈಫ್ ಜಾಕೆಟ್ ಬೇಕೇ ಬೇಕು. ಬಸ್ಸು, ದೋಣಿ, ದಿಬ್ಬ ಎಲ್ಲ ಸೇರಿ ಮೂರು ಗಂಟೆ ಹಿಡಿಯುತ್ತದೆ.

ಬಾಲದ ಬುಡದಲ್ಲಿ ವಿಷದ ಮುಳ್ಳಿದೆ, ಅದು ಚುಚ್ಚುವುದು ಮೇಲೆ ಕಾಲಿಟ್ಟಾಗ. ಆದ್ದರಿಂದ ಹೆಜ್ಜೆ ಎತ್ತದೆ, ಪಾದವನ್ನು ಮರಳಿನಲ್ಲಿ ಉಜ್ಜುತ್ತಾ ನಡೆಯಬೇಕು. ಇಲ್ಲಿ ಪಾದರಕ್ಷೆ ಹಾಕಿಕೊಳ್ಳುವುದಕ್ಕೂ, ಮೀನನ್ನು ನೀರಿನಿಂದ ಮೇಲೆತ್ತುವುದಕ್ಕೂ ನಿಷೇಧವಿದೆ. ಉಂಗುರ, ಬಳೆ ದೋಣಿಯಲ್ಲೇ ಬಿಡಿ. ಸ್ಟಿಂಗ್‌ರೇಗಳಿಗೆ ಮೈಮೇಲಿನ ಲೋಳೆಯೇ ರಕ್ಷಣೆ, ಲೋಹ ತಾಗಿದರೆ ಅದು ಕೆರೆದುಹೋಗುತ್ತದೆ. ಸ್ಕ್ವಿಡ್ ತಿನ್ನಿಸುವುದಾದರೆ ಮುಷ್ಟಿ ಕಟ್ಟಿ, ಹೆಬ್ಬೆರಳು ಒಳಗೆ ಮಡಚಿಕೊಳ್ಳಿ. ಬಾಯಿ ಹೊಟ್ಟೆಯ ಕಡೆಗಿದೆ, ಕಣ್ಣು ಬೆನ್ನಿನ ಕಡೆಗೆ. ತಿನ್ನುವುದನ್ನು ನೋಡಲಾರದೆ ವಾಸನೆ ಹಿಡಿದು ಹೀರುತ್ತದೆ. ಬೆರಳು ಹೊರಗಿದ್ದರೆ ಅದನ್ನೂ ಹೀರಿ ಕೆಂಪಗೆ ಮಾಡುತ್ತದೆ.

ಚಳಿಗಾಲದಲ್ಲಿ ಉತ್ತರದ ಗಾಳಿ ಎದ್ದರೆ ನೀರು ಕದಡಿ ದೋಣಿಗಳು ರದ್ದಾಗುತ್ತವೆ. ಆಗ ಟೆಂಡರ್‌ಗಳೇ ದಕ್ಷಿಣ ತೀರದ ಸ್ಪಾಟ್ಸ್‌ಗೆ ಹೋಗುವುದೂ ಉಂಟು. ಇಂಥ ದಿನಗಳಿಗಾಗಿ, ಗಾಳಿಯಿಂದ ರದ್ದಾದರೆ ಪೂರ್ತಿ ಹಣ ವಾಪಸ್ ಕೊಡುವ ದೋಣಿಯವರನ್ನೇ ಆರಿಸಿ.

ಆಮೆ ಕೇಂದ್ರಕ್ಕೆ ಗಾಳಿಯ ಚಿಂತೆಯಿಲ್ಲ. ಟ್ಯಾಕ್ಸಿಯಲ್ಲಿ ಇಪ್ಪತ್ತು ನಿಮಿಷ. ಜಾರ್ಜ್ ಟೌನ್‌ನಿಂದ ವೆಸ್ಟ್ ಬೇ ಮಿನಿಬಸ್ಸೂ ಸಿಗುತ್ತದೆ. ಒಂದೂವರೆ ಗಂಟೆ ಧಾರಾಳ ಸಾಕು, ಅಂದರೆ ಬೀಚ್‌ಗೆ ಹೆಚ್ಚು ಹೊತ್ತು ಉಳಿಯುತ್ತದೆ. ಅಲ್ಲಿ ಆಮೆಮರಿಯನ್ನು ಎತ್ತಿಕೊಳ್ಳುವಾಗ ಚಿಪ್ಪಿನ ಎರಡೂ ಬದಿ ಹಿಡಿದು, ನೀರಿನ ಮೇಲೆಯೇ ತಗ್ಗಿಸಿ ಹಿಡಿಯಿರಿ. ಕೈಕಾಲು ಬಡಿದು ಜಾರಿದರೂ ನೀರಿಗೇ ಬೀಳಬೇಕು. ಒಂದು ಮಾತು ಮೊದಲೇ ತಿಳಿದಿರಲಿ: 1968ರಲ್ಲಿ ಶುರುವಾದ ಈ ಸಾಕಣೆ ಕೇಂದ್ರ ಹಸಿರು ಕಡಲಾಮೆಗಳನ್ನು ಸಮುದ್ರಕ್ಕೆ ಬಿಡುತ್ತದೆ, ಮಾಂಸಕ್ಕೂ ಮಾರುತ್ತದೆ. ಇದು ಮನಸ್ಸಿಗೆ ಒಗ್ಗದವರು ಹೋಗದಿರುವುದೇ ಮೇಲು. ನೀಲಿ ಇಗ್ವಾನಾ ಎಂಬ ದೊಡ್ಡ ಹಲ್ಲಿಗಳಿರುವ ಕ್ವೀನ್ ಎಲಿಜಬೆತ್ ಸಸ್ಯೋದ್ಯಾನ ನಿಜಕ್ಕೂ ಚೆಂದ, ಆದರೆ ದ್ವೀಪದ ಪೂರ್ವಕ್ಕಿದೆ; ಅದನ್ನೂ ಬೀಚನ್ನೂ ಒಂದೇ ದಿನ ಸೇರಿಸಲು ಹೋಗಬೇಡಿ.

ಯಾವುದನ್ನೇ ಆರಿಸಿದರೂ ಪ್ರಾಣಿ ಮೊದಲು, ಬೀಚ್ ಆಮೇಲೆ. ತಡವಾದರೆ ಬೀಚಿನ ಹೊತ್ತನ್ನು ಕತ್ತರಿಸಬಹುದು, ಹೊರಟ ದೋಣಿಯನ್ನು ಕರೆಯಲಾಗದು. ಸೆವೆನ್ ಮೈಲ್‌ನ ದಕ್ಷಿಣ ತುದಿಯಲ್ಲಿ ಮರಳು ಬಹಳ ಕೊರೆದುಹೋಗಿದೆ, ಅಲ್ಲಿ ಇಳಿಯಬೇಡಿ. ಗವರ್ನರ್ಸ್ ಬೀಚ್ ಅಗಲವಾಗಿದೆ, ನೆರಳೂ ಇದೆ. ಸ್ನಾರ್ಕೆಲ್, ಅಂದರೆ ಉಸಿರುಕೊಳವೆ ಕಚ್ಚಿ ನೀರೊಳಗೆ ನೋಡುತ್ತಾ ಈಜುವ ಆಸೆಯಿದ್ದರೆ ಉತ್ತರದ ಸೆಮೆಟರಿ ಬೀಚ್. ಆಮೆ ಕೇಂದ್ರದಿಂದ ಬರುವಾಗ ಅದು ದಾರಿಯಲ್ಲೇ ಸಿಗುತ್ತದೆ.

ತಿನ್ನುವಾಗ ಮೆನುವಿನ ಬೆಲೆ ಯಾವ ಡಾಲರ್ ಎಂದು ಕೇಳಿ. ಒಂದು ಕೇಮನ್ ಡಾಲರ್‌ಗೆ 1.20 ಅಮೆರಿಕನ್ ಡಾಲರ್ ಎಂಬುದು ನಿಗದಿತ ದರ, ಅಂಗಡಿಗಳಲ್ಲಿ ಹೆಚ್ಚಾಗಿ 1.25ರ ಲೆಕ್ಕ, 20 ಎಂದು ಬರೆದ ಊಟ 25 ಆಗುತ್ತದೆ. ವಾಹನಗಳು ನಮ್ಮೂರಿನ ಹಾಗೆ ಎಡಬದಿಯಲ್ಲೇ ಓಡುತ್ತವೆ. ಅಮೆರಿಕದಲ್ಲಿ ಬೆಳೆದ ಮಕ್ಕಳಿಗೆ ರಸ್ತೆ ದಾಟುವಾಗ ಮೊದಲು ಬಲಕ್ಕೆ ನೋಡಲು ಹೇಳಿ. ಕೊನೆಯ ಟೆಂಡರ್‌ಗೆ ಒಂದೂವರೆ ಗಂಟೆ ಇರುವಾಗಲೇ ಬೀಚಿನಿಂದ ಎದ್ದುಬಿಡಿ: ಮಧ್ಯಾಹ್ನ ವೆಸ್ಟ್ ಬೇ ರಸ್ತೆಯಲ್ಲಿ ವಾಹನದಟ್ಟಣೆ ಇರುತ್ತದೆ, ಟೆಂಡರ್ ಸಾಲೂ ಆಗ ಉದ್ದವಿರುತ್ತದೆ.