ರಹಸ್ಯ ಸಂಘದ ಎರಡು ಚಿತ್ರಗಳು: ‘ದಿ ಸ್ಕಲ್ಸ್’ ನೋಡಬೇಕೇ, ‘ದಿ ರಾಯಟ್ ಕ್ಲಬ್’ ನೋಡಬೇಕೇ?

ರಾಬ್ ಕೋಹೆನ್ ನಿರ್ದೇಶನದ ‘ದಿ ಸ್ಕಲ್ಸ್’ (2000), ಯೇಲ್ ವಿಶ್ವವಿದ್ಯಾಲಯದಲ್ಲಿ 1832ರಲ್ಲಿ ಹುಟ್ಟಿದ ‘ಸ್ಕಲ್ ಅಂಡ್ ಬೋನ್ಸ್’ ಸಂಘವನ್ನು ನೆನಪಿಸುವ ಥ್ರಿಲ್ಲರ್. ಕಾನೂನು ಓದಲು ಹಣವಿಲ್ಲದ ಬಡ ಹುಡುಗನೊಬ್ಬ ಸಂಘ ಸೇರಿ, ಗೆಳೆಯನ ಸಾವಿನ ಹಿಂದಿನ ಸತ್ಯವನ್ನು ಹುಡುಕುತ್ತಾನೆ. ಮಣಿಕಟ್ಟಿನ ಮೇಲೆ ಬರೆ ಹಾಕಿ, ಅದನ್ನು ಮುಚ್ಚಲು ಕೈಗಡಿಯಾರ ಕೊಡುವ ದೀಕ್ಷೆಯ ದೃಶ್ಯ ಚೆನ್ನಾಗಿದೆ. ಆದರೆ ಕೊನೆಗೆ ಬರುವ ಪಿಸ್ತೂಲು ದ್ವಂದ್ವವನ್ನು ನಂಬುವುದು (ನನಗಂತೂ) ಕಷ್ಟ.

ಲೋನ್ ಶೆರ್ಫಿಗ್ ಅವರ ‘ದಿ ರಾಯಟ್ ಕ್ಲಬ್’ (2014) ಆಕ್ಸ್‌ಫರ್ಡಿನ ಕಥೆ. ಲಾರಾ ವೇಡ್ ಅವರ ‘ಪಾಶ್’ ನಾಟಕವನ್ನು ಆಧರಿಸಿದ ಇದರಲ್ಲಿ ಪಿತೂರಿಯೂ ಇಲ್ಲ, ಪತ್ತೇದಾರಿಯೂ ಇಲ್ಲ. ಹತ್ತು ಸಿರಿವಂತ ಹುಡುಗರು ಹಳ್ಳಿಯ ಪಬ್ಬೊಂದರಲ್ಲಿ ಊಟಕ್ಕೆ ಕುಳಿತು, ಕುಡಿತ ಏರಿದಂತೆ ಕೋಣೆಯನ್ನು ಧ್ವಂಸಮಾಡಿ ಮಾಲೀಕನ ಮೇಲೆಯೇ ಕೈಮಾಡುವುದನ್ನು ಅದು ಸಾವಧಾನವಾಗಿ ತೋರಿಸುತ್ತದೆ. ಮೊದಲ ಚಿತ್ರದಲ್ಲಿ ಭಯ ಹುಟ್ಟಿಸುವುದು ಸಂಘದ ಗುಟ್ಟು, ಎರಡನೆಯದರಲ್ಲಿ ಸದಸ್ಯರು ಗುಟ್ಟುಮಾಡಲೂ ಕಾಳಜಿ ವಹಿಸದ ದರ್ಪ.

ರಾತ್ರಿಯ ಹಗುರ ಮನರಂಜನೆಗೆ ‘ದಿ ಸ್ಕಲ್ಸ್’ ಸಾಕು. ಒಂದನ್ನೇ ಆರಿಸಬೇಕೆಂದರೆ, ನೋಡುವಾಗ ಮೈ ಉರಿದರೂ, ನಾನು ‘ದಿ ರಾಯಟ್ ಕ್ಲಬ್’ ಅನ್ನೇ ಸೂಚಿಸುತ್ತೇನೆ.