ಸೀರೆ ಪರ್ಮನೆಂಟಾ, ಡ್ಯೂರೇಬಲ್ಲಾ? ನವನಗರದ ಇಂಗ್ಲಿಷ್ ಕ್ಲಾಸಿನ ಬಗ್ಗೆ

ಬಾಗಲಕೋಟೆ ನವನಗರದಲ್ಲಿ ನಿವೃತ್ತ ಹೈಸ್ಕೂಲ್ ಸರ್ ಒಬ್ಬರು ಮನೆಯಲ್ಲೇ ನಡೆಸುವ ಸಂಜೆ ಕ್ಲಾಸಿಗೆ ಎರಡು ತಿಂಗಳು ಹೋಗಿದ್ದೆ. ವಾರಕ್ಕೆ ಮೂರು ದಿನ, ಒಂದೂವರೆ ತಾಸು, ಫೀ 1,800 ರೂಪಾಯಿ. ಕೊಟ್ಟ ದುಡ್ಡಿಗೆ ಮೋಸ ಇಲ್ಲ.

ನಾನು ಇಳಕಲ್ ಸೀರೆಗಳನ್ನು ಆನ್‌ಲೈನಲ್ಲಿ ಮಾರುತ್ತೇನೆ. ಪುಣೆಯ ಗಿರಾಕಿಯೊಬ್ಬರು ‘ಈ ಕಲರ್ ಫಾಸ್ಟಾ?’ ಅಂತ ಇಂಗ್ಲಿಷಿನಲ್ಲಿ ಕೇಳಿದ್ದರು. ನಾಲ್ಕು ದಿನದಲ್ಲಿ ಮುಟ್ಟುತ್ತದೆ ಅಂತ ಉತ್ತರ ಬರೆದೆ. ಅವರು ಮತ್ತೆ ಮೆಸೇಜ್ ಮಾಡಲೇ ಇಲ್ಲ. ಫಾಸ್ಟ್ ಅಂದ್ರೆ ಬೇಗ ಅನ್ನೋದಷ್ಟೇ ನನಗೆ ಗೊತ್ತಿತ್ತು. ಗಟ್ಟಿಯಾಗಿ ಹಿಡಿದುಕೊಂಡಿರುವುದು ಅನ್ನೋದು ಆ ಪದದ ಇನ್ನೂ ಹಳೆಯ ಅರ್ಥ, ಫಾಸ್ಟ್ ಕಲರ್ ಅಂದ್ರೆ ಒಗೆದರೆ ಬಿಡದ ನಮ್ಮ ಪಕ್ಕಾ ಬಣ್ಣ ಅಂತ ಸರ್ ಹೇಳಿದ ದಿನ ಮನಸ್ಸಿಗೆ ಬಹಳ ಬೇಜಾರಾಯಿತು. ಒಂದು ಪದಕ್ಕೆ ಒಂದು ಸೀರೆ ಹೋಯ್ತಲ್ಲ.

ಮೊದಲು ಬೇರೆ ಕಡೆ ಕಲಿಯುವಾಗ ಪದಗಳ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸಿದ್ದರು. ಪರ್ಮನೆಂಟ್, ಡ್ಯೂರೇಬಲ್, ಪರ್ಪೆಚುವಲ್, ಎಲ್ಲದರ ಮುಂದೆ ‘ಶಾಶ್ವತ’ ಅಂತ ಒಂದೇ ಅರ್ಥ. ಅದನ್ನು ನಂಬಿ ನಾನು ‘ಪರ್ಮನೆಂಟ್ ಸೀರೆ’ ಅಂತಲೇ ಬರೆಯುತ್ತಿದ್ದೆ! ಸರ್ ನನ್ನ ಮೊಬೈಲ್ ಇಸಿದುಕೊಂಡು ಓದಿ, ‘ಸೀರಿ ಪರ್ಮನೆಂಟ್ ಇರೂದಿಲ್ಲ ತಂಗಿ, ಬಾಳಿಕಿ ಬರ್ತದ. ಅದಕ್ಕ ಡ್ಯೂರೇಬಲ್ ಅನ್ನು’ ಅಂದರು.

ಅವರು ಕಲಿಸೋದೇ ಹೀಗೆ. ಯಾವ ಪದ ಯಾವ ವಸ್ತುವಿನ ಜೊತೆ ಹೋಗುತ್ತದೆ ಅಂತ ಮೊದಲು ಕನ್ನಡದಲ್ಲೇ ಕೇಳುತ್ತಾರೆ. ನೌಕರಿ ಕಾಯಂ, ಅದು ಪರ್ಮನೆಂಟ್. ದೇವರ ಮುಂದಿನ ನಂದಾದೀಪ ಪರ್ಪೆಚುವಲ್. ವರ್ಷಗಟ್ಟಲೆ ಕಾಡುವ ಮಂಡಿನೋವು ಕ್ರಾನಿಕ್, ಗ್ರೀಕರ ಕ್ರೊನೋಸ್ ಅಂದರೆ ಕಾಲ, ಅಲ್ಲಿಂದ ಬಂದದ್ದು, ಆದರೆ ಒಳ್ಳೆಯದಕ್ಕೆ ಅದನ್ನು ಹಚ್ಚಬಾರದು. ಅಂಗಳದ ಮಲ್ಲಿಗೆ ಬಳ್ಳಿ ತೋರಿಸಿ ಇದು ಪೆರೆನಿಯಲ್, ವರ್ಷ ವರ್ಷ ಚಿಗುರುತ್ತದೆ, ಹೊಲದ ಜೋಳ ಆನ್ಯುಯಲ್, ಒಂದೇ ಬೆಳೆಗೆ ಮುಗಿಯಿತು ಅಂದರು. ಎರಡರಲ್ಲೂ ಇರುವುದು ಲ್ಯಾಟಿನ್ನಿನ ‘ಆನ್ನುಸ್’, ವರ್ಷ ಅಂತ. ಇದನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ.

ಲಾಸ್ಟ್ ಅನ್ನೋದಂತೂ ಇನ್ನೂ ಚೆಂದ. ಲಾಸ್ಟ್ ಬಸ್ ಅಂದ್ರೆ ಕೊನೆಯದು, ಅದೇ ಕ್ರಿಯಾಪದವಾದರೆ ಬಾಳಿಕೆ ಬರುವುದು. ಕಾಗುಣಿತ ಒಂದೇ ಆದರೂ ಬೇರು ಬೇರೆ ಬೇರೆಯಂತೆ.

ಕೊರತೆಯೂ ಇದೆ. ಒಂದು ಬ್ಯಾಚಿಗೆ ಇಪ್ಪತ್ತು ಜನ ಜಾಸ್ತಿ ಆಯ್ತು. ಹಿಂದಿನ ಸಾಲಿನ ಹುಡುಗಿಯರಿಗೆ ಮಾತಾಡುವ ಸರದಿ ಬರುವುದೇ ಅಪರೂಪ. ಜೆರಾಕ್ಸ್ ನೋಟ್ಸ್ ಮಸುಕು, ಕೆಲವು ಸಾಲು ಓದೋಕೇ ಬರಲ್ಲ. ಸರ್‌ಗೆ ಇದನ್ನು ಎದುರಿಗೇ ಹೇಳಿದ್ದೇನೆ, ನೋಟ್ಸ್ ಟೈಪ್ ಮಾಡಿಸ್ತೀನಿ ಅಂದಿದ್ದಾರೆ.

ಈಗ ಪ್ರತಿ ಸೀರೆಯ ತುದಿಯನ್ನು ಒದ್ದೆ ಬಿಳಿ ಬಟ್ಟೆಯಿಂದ ತಿಕ್ಕಿ ನೋಡುತ್ತೇನೆ. ಬಣ್ಣ ಹತ್ತದಿದ್ದರೆ ಮಾತ್ರ ಫಾಸ್ಟ್ ಅಂತ ಬರೆಯುತ್ತೇನೆ. ಸೇರುವವರು ಇನ್ನೂರು ಪುಟದ ನೋಟ್‌ಬುಕ್ಕೇ ಒಯ್ಯಿರಿ, ನನ್ನ ನೂರು ಪುಟದ್ದು ಮೂರನೇ ವಾರಕ್ಕೇ ತುಂಬಿತ್ತು.